ಮೊದಲ ಪರದೆ ಯಾರದ್ದು? ಪುಟಾಣಿ ಗೇಮ್ ಕನ್ಸೋಲ್‌ಗೆ ಕನ್ನಡ ಮೆನು ಬರೆದ ಕತೆ

ಹಾಸನದಲ್ಲಿರೋ ನನ್ನ ಅಕ್ಕನ ಮಗಳು ಎರಡನೇ ಕ್ಲಾಸು, ಕನ್ನಡ ಮೀಡಿಯಂ. ಕಳೆದ ಬೇಸಿಗೆ ರಜೆಗೆ ಬಂದಾಗ ನನ್ನ ಮಿಯೂ ಮಿನಿ ಅವಳ ಕೈಗೆ ಸಿಕ್ಕಿತು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಗೇಮ್ ಕನ್ಸೋಲ್ ಅದು. 2.8 ಇಂಚಿನ ಪರದೆ, 128 ಎಂಬಿ ಮೆಮರಿ, ಒಳಗೆ ಲಿನಕ್ಸ್. ಎರಡೇ ದಿನದಲ್ಲಿ ಅವಳು ನನಗಿಂತ ಚೆನ್ನಾಗಿ ಆಡತೊಡಗಿದಳು. ಆದರೆ ಮೆನು ಇಂಗ್ಲಿಷಿನಲ್ಲಿತ್ತು. "ಮೇಲಿಂದ ಮೂರನೇದು, ಆಮೇಲೆ ಎರಡನೇದು" ಅಂತ ಲೆಕ್ಕ ಇಟ್ಟುಕೊಂಡೇ ಆಟಕ್ಕೆ ಹೋಗುತ್ತಿದ್ದಳು. ಪಟ್ಟಿಯಲ್ಲಿ ಒಂದು ಹೊಸ ಹೆಸರು ಸೇರಿದರೆ ಲೆಕ್ಕವೆಲ್ಲ ತಪ್ಪಿಹೋಗುತ್ತಿತ್ತು.

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಿಗೆ ಹಳೇ ಚಟ ಕೆರಳೋಕೆ ಇಷ್ಟು ಸಾಕು. ಇದಕ್ಕೊಂದು ಕನ್ನಡ ಮೆನು ನಾನೇ ಬರೆದರೆ ಹೇಗೆ?

ಮೆನು ಅಂದ್ರೆ ಏನು?

ಕನ್ಸೋಲ್ ಆನ್ ಮಾಡಿದ ತಕ್ಷಣ ಕಾಣುವ ಪರದೆಯನ್ನು ತೋರಿಸೋದು ಲಾಂಚರ್ ಅನ್ನೋ ಒಂದು ಪ್ರೋಗ್ರಾಂ. ಅದು ಆಟಗಳ ಪಟ್ಟಿ ತೋರಿಸುತ್ತೆ, ಬಟನ್ ಒತ್ತೋದನ್ನ ಕಾಯುತ್ತೆ, ಆರಿಸಿದ ಆಟವನ್ನು ಶುರು ಮಾಡುತ್ತೆ. ಅಷ್ಟೇ ಅದರ ಕೆಲಸ.

ಇದನ್ನು ಬದಲಿಸೋಕೆ ಮಿಯೂ ಮಿನಿಯಲ್ಲಿ ಸ್ಕ್ರೂ ಬಿಚ್ಚಬೇಕಿಲ್ಲ, ಬೀಗ ಒಡೆಯಬೇಕಿಲ್ಲ. ಲಿನಕ್ಸ್ ಎದ್ದ ಮೇಲೆ ಅದರ ಸ್ಕ್ರಿಪ್ಟ್ ಒಂದು ಸಲ ಮೆಮರಿ ಕಾರ್ಡಿನೊಳಗೆ ಇಣುಕುತ್ತೆ. ಅಲ್ಲಿ ನಿರ್ದಿಷ್ಟ ಹೆಸರಿನ ಫೋಲ್ಡರಿನಲ್ಲಿ ನಿರ್ದಿಷ್ಟ ಹೆಸರಿನ ಫೈಲ್ ಇದ್ದರೆ ಅದನ್ನೇ ಓಡಿಸುತ್ತೆ. ಆನಿಯನ್, ಮಿನ್‌ಯುಐ ತರದ ಹೆಸರಾಂತ ಬದಲಿ ವ್ಯವಸ್ಥೆಗಳು ಒಳಗೆ ಬರೋದು ಇದೇ ಬಾಗಿಲಿನಿಂದ. ಕಾರ್ಡ್ ತೆಗೆದರೆ ಹಳೇ ಮೆನು ಹಾಗೇ ಇರುತ್ತೆ.

ನನ್ನ ಮೊದಲ ಪ್ರಯತ್ನದಲ್ಲಿ ಮೆನು ಬಂತು, ಆದರೆ ತಲೆಕೆಳಗಾಗಿ! ಈ ಕನ್ಸೋಲಿನಲ್ಲಿ ಪರದೆಯನ್ನು ಕೂರಿಸಿರೋದೇ ಹಾಗೆ. ಪ್ರತಿ ಚಿತ್ರವನ್ನೂ 180 ಡಿಗ್ರಿ ತಿರುಗಿಸಿ ಕಳಿಸಬೇಕು. ಬಟನ್‌ಗಳದ್ದು ಇನ್ನೊಂದು ತಮಾಷೆ. ಇಲ್ಲಿನ ಎ ಬಟನ್ ಒತ್ತಿದರೆ ಲಿನಕ್ಸಿಗೆ ಕೇಳಿಸೋದು ಕೀಬೋರ್ಡಿನ ಸ್ಪೇಸ್ ಕೀ. ಬಿ ಅಂದ್ರೆ ಕಂಟ್ರೋಲ್.

ನಿಜಕ್ಕೂ ಯೋಚಿಸಬೇಕಾದ್ದು 128 ಎಂಬಿಯ ಬಗ್ಗೆ. ಇಷ್ಟು ಕಡಿಮೆ ಮೆಮರಿಯಲ್ಲಿ ಮೆನುವೂ ಆಟವೂ ಒಟ್ಟಿಗೆ ಕೂತರೆ ಇಕ್ಕಟ್ಟು. ಹಾಗಾಗಿ ನೀವು ಆಟ ಆರಿಸಿದ ಕೂಡಲೇ ಮೆನು ಒಂದು ಚೀಟಿ ಬರೆದಿಟ್ಟು ತಾನು ಮುಚ್ಚಿಕೊಳ್ಳುತ್ತೆ. 'ಈ ಆಟ ಓಡಿಸು' ಅನ್ನೋ ಒಂದೇ ಸಾಲು. ಹಿಂದಿರುವ ಸ್ಕ್ರಿಪ್ಟ್ ಆ ಚೀಟಿ ಓದಿ ಆಟ ಶುರು ಮಾಡುತ್ತೆ. ಆಟ ಮುಗಿದ ಮೇಲೆ ಮೆನುವನ್ನು ಮತ್ತೆ ಎಬ್ಬಿಸುತ್ತೆ. ಅಂದ್ರೆ ಆಟ ಬಿಟ್ಟಾಗ ನಿಮಗೆ ಕಾಣೋದು ಹೊಸದಾಗಿ ಹುಟ್ಟಿದ ಮೆನು. ನೀವು ಪಟ್ಟಿಯಲ್ಲಿ ಎಲ್ಲಿದ್ದಿರಿ ಅನ್ನೋದನ್ನೂ ಅದು ಸಾಯೋ ಮುಂಚೆ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಮೊದಲ ಸಾಲಿಂದ ಕೆಳಗಿಳಿಯಬೇಕು.

"ಒತ್ತಕ್ಷರ ಬರಲ್ವಾ ನಿಂಗೆ?"

ಇಷ್ಟಾದ ಮೇಲೆ ಕನ್ನಡ ಫಾಂಟ್ ಹಾಕಿ, 'ಆಡಿದ್ದು', 'ಇಷ್ಟವಾದದ್ದು' ಅಂತ ಎರಡು ಸಾಲು ಬರೆದು ಅವಳ ಕೈಗೆ ಕೊಟ್ಟೆ. ನೋಡಿದವಳೇ, "ಮಾಮ, ಒತ್ತಕ್ಷರ ಬರಲ್ವಾ ನಿಂಗೆ?" ಅಂದಳು.

ನಿಜ. ದಕಾರದ ಒತ್ತು ಕೆಳಗೆ ಇಳಿದಿರಲಿಲ್ಲ. ಒಂದು ದ, ಪಕ್ಕದಲ್ಲಿ ಒಂದು ತುಂಡು ಗೆರೆ, ಅದರ ಪಕ್ಕ ಇನ್ನೊಂದು ದ, ಕೊನೆಗೆ ಒಂಟಿಯಾಗಿ ನಿಂತ ಕೊಂಬು.

ಯಾಕೆ ಹೀಗೆ? 'ಆಡಿದ್ದು' ಅನ್ನೋದು ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಏಳು: ಆ, ಡ, ಗುಡಿಸು, ದ, ಹಲಂತ, ದ, ಕೊಂಬು. ಈ ಏಳನ್ನು ಮೂರಾಗಿ ಬೆಸೆಯೋದಕ್ಕೆ ಬೇರೆಯೇ ಒಂದು ಹಂತ ಬೇಕು. ನಾನು ಬಳಸಿದ್ದ ಹಳೇ ಗ್ರಾಫಿಕ್ಸ್ ಲೈಬ್ರರಿಯಲ್ಲಿ ಆ ಹಂತವೇ ಇರಲಿಲ್ಲ. ಒಂದು ಕೋಡಿಗೆ ಒಂದು ಆಕಾರ ಅಂತ ಸಾಲಾಗಿ ಜೋಡಿಸಿಬಿಡುತ್ತಿತ್ತು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ, ಹಿಂದಿಗೆ, ಅರಬಿಗೆ ಸಾಲದು.

ಬೆಸೆಯುವ ಕೆಲಸ ಮಾಡುವ ಮುಕ್ತ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲದರೊಳಗೂ ಇದೇ ಇದೆ. ಅದನ್ನು ಮೆನುವಿಗೆ ಜೋಡಿಸೋಕೆ ನನಗೆ ಎರಡು ವಾರಾಂತ್ಯ ಹಿಡಿಯಿತು. ಒತ್ತಕ್ಷರ ಕೆಳಗೆ ಇಳಿಯಿತು.

ಇಲ್ಲೊಂದು ಮಾತು ಹೇಳಬೇಕು. ಇಡೀ ಭಾಷೆಯೊಂದು ಪರದೆಯ ಮೇಲೆ ಮುರಿದು ಬೀಳೋಕೆ ಯಾರದ್ದೂ ದ್ವೇಷ ಬೇಕಾಗಿಲ್ಲ. ಆ ಕೋಡ್ ಬರೆಯುವಾಗ ಯಾರಿಗೂ ನಮ್ಮ ನೆನಪಾಗದಿದ್ದರೆ ಸಾಕು. ಪ್ರಶ್ನೆ ಅದಾದ ಮೇಲಿನದ್ದು: ಮುರಿದದ್ದನ್ನು ರಿಪೇರಿ ಮಾಡೋಕೆ ನಮಗೆ ಬಾಗಿಲು ತೆರೆದಿದೆಯಾ?

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ದಕ್ಷಿಣ ಕೊರಿಯಾದ ಕಂಪನಿಯೊಂದು 2005ರಲ್ಲಿ ಜಿಪಿ2ಎಕ್ಸ್ ಅನ್ನೋ ಲಿನಕ್ಸ್ ಕನ್ಸೋಲ್ ತಂದಿತು. ಅದಕ್ಕೆ ಬಳಕೆದಾರರೇ ಬರೆದುಕೊಂಡ ಮೆನು ಜಿಮೆನು2ಎಕ್ಸ್. ಕೋಡ್ ಮುಕ್ತ ಪರವಾನಗಿಯಲ್ಲಿತ್ತು. ಹಾಗಾಗಿ ಕನ್ಸೋಲ್ ಮೂಲೆಗೆ ಸೇರಿದರೂ ಮೆನು ಉಳಿಯಿತು. ಚೀನಾದ ಡಿಂಗೂ ಎ320ಕ್ಕೆ ಹೋಯಿತು, ಅಲ್ಲಿಂದ ಜಿಸಿಡಬ್ಲ್ಯೂ ಜೀರೋಗೂ ಬಂತು.

ಇನ್ನೊಂದು ದಾರಿಯೂ ಇದೆ. 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ಸೋನಿ ಪಿಎಸ್‌ಪಿಯ ಮೊದಲ ಫರ್ಮ್‌ವೇರ್, ಕಂಪನಿಯ ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಂಗಳನ್ನೂ ಓಡಿಸುತ್ತಿತ್ತು. ಮುಂದಿನ ಅಪ್‌ಡೇಟ್‌ಗಳಲ್ಲಿ ಆ ಬಾಗಿಲು ಮುಚ್ಚಿತು. ಅಮೆರಿಕದಲ್ಲಿ 1998ರ ಕಾಯ್ದೆಯೊಂದು ಇಂಥ ಬೀಗ ತೆರೆಯೋದನ್ನೇ ನಿಷೇಧಿಸಿದೆ. 2010ರಲ್ಲಿ ಫೋನ್‌ಗಳಿಗೆ ವಿನಾಯಿತಿ ಸಿಕ್ಕಿತು. 2012ರಲ್ಲಿ ಗೇಮ್ ಕನ್ಸೋಲ್‌ಗಳಿಗೂ ಕೇಳಿದರೆ ಇಲ್ಲ ಅಂದರು, ಪೈರಸಿಯ ಭಯ ತೋರಿಸಿ.

ಆ ಭಯ ಸುಳ್ಳೇನಲ್ಲ. ಇಂಥ ಅಗ್ಗದ ಕನ್ಸೋಲ್‌ಗಳನ್ನು ಎಷ್ಟೋ ಅಂಗಡಿಗಳು ಕದ್ದ ಆಟಗಳನ್ನು ತುಂಬಿಸಿಯೇ ಮಾರುತ್ತವೆ. ಆದರೆ ಮೆನು ಬದಲಿಸೋದು ಬೇರೆ, ಆಟ ಕದಿಯೋದು ಬೇರೆ. ನಮ್ಮ ಕಾನೂನು ಈ ವ್ಯತ್ಯಾಸವನ್ನು ಗುರುತಿಸಿದೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ ಪ್ರಕಾರ ಬೀಗ ಮುರಿಯೋದು ಶಿಕ್ಷಾರ್ಹವಾಗೋದು ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇದ್ದಾಗ. ಆ 'ಉದ್ದೇಶ' ಅನ್ನೋ ಪದ ಚಿಕ್ಕದು, ಆದರೆ ಕಾಪಾಡಿಕೊಳ್ಳಬೇಕಾದ್ದು.

ಇದೆಲ್ಲ ಗೇಮ್ ಹುಚ್ಚರ ಜಗಳ ಅಂದುಕೊಳ್ಳಬೇಡಿ. ನಿಮ್ಮ ಜೇಬಿನಲ್ಲಿರೋ ಫೋನಿನ ಮೊದಲ ಪರದೆಯೂ ಒಂದು ಲಾಂಚರ್ರೇ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತಲ್ಲ, ಅದರ ಕಾರಣಗಳಲ್ಲಿ ಒಂದು ಇದೇ: ಫೋನ್ ತಯಾರಕರು ಗೂಗಲ್‌ನ ಆ್ಯಪ್‌ಗಳನ್ನು ಇಡಿಯಾಗಿ ಹಾಕಬೇಕು, ಎದ್ದು ಕಾಣುವ ಜಾಗದಲ್ಲೇ ಇಡಬೇಕು ಅನ್ನೋ ಕರಾರು. ಮೊದಲ ಪರದೆಯ ಒಂದು ಮೂಲೆಗೆ ಎಷ್ಟು ಬೆಲೆಯಿದೆ ಅನ್ನೋದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರೋದು ನಮಗೇ.

ಹಾಗಾಗಿ ಮುಂದಿನ ಸಲ ಏನಾದ್ರೂ ಸ್ಕ್ರೀನ್ ಇರೋ ವಸ್ತು ಕೊಳ್ಳುವಾಗ, ಅದು ಟಿವಿ ಇರಲಿ, ಸ್ಕೂಟರ್ ಇರಲಿ, ಒಂದು ಪ್ರಶ್ನೆ ಕೇಳಿ ನೋಡಿ: ಇದರ ಮೊದಲ ಪರದೆಯನ್ನು ನಾನು ಬದಲಿಸಬಹುದಾ? ಬಸ್ ಸ್ಟ್ಯಾಂಡ್, ಆಸ್ಪತ್ರೆಗಳಲ್ಲಿ ನಮ್ಮ ತೆರಿಗೆ ದುಡ್ಡಿನಿಂದ ನಿಲ್ಲಿಸಿರುವ ಯಂತ್ರಗಳ ಬಗ್ಗೆ ಇದೇ ಪ್ರಶ್ನೆಯನ್ನು ಸರ್ಕಾರಕ್ಕೂ ಕೇಳಬೇಕು.

ಅಂದಹಾಗೆ, ದಸರಾ ರಜೆಗೆ ಅಕ್ಕನ ಮಗಳು ಮತ್ತೆ ಬಂದಿದ್ದಳು. ಈಗ ಲೆಕ್ಕ ಇಡೋದಿಲ್ಲ, ಓದಿಯೇ ಆರಿಸ್ತಾಳೆ. 'ಸೆಟ್ಟಿಂಗ್ಸ್' ಅನ್ನೋದನ್ನ ಮಾತ್ರ ಬದಲಿಸು ಅಂದಳು. ಏನಂತ ಹಾಕಲಿ ಅಂದೆ. "ಸರಿಮಾಡು ಅಂತ ಹಾಕು ಮಾಮ." ಒಂದು ಸಾಲು ಬದಲಿಸಿದೆ, ಐದು ನಿಮಿಷದ ಕೆಲಸ.