ಸೋರುವ ಹೈಡ್ರಾಲಿಕ್ ಸಸ್ಪೆನ್ಷನ್: ಪತ್ತೆ ಮತ್ತು ವೆಚ್ಚ

ಪ್ರಶ್ನೆ: ಹಳೆಯ ಸಿಟ್ರೊಯೆನ್ ಕಾರುಗಳ ಹೈಡ್ರಾಲಿಕ್ ಸಸ್ಪೆನ್ಷನ್‌ನಲ್ಲಿ ತೈಲ ಸೋರಿದರೆ ಮೂಲವನ್ನು ಪತ್ತೆಹಚ್ಚುವುದು ಹೇಗೆ? ದುರಸ್ತಿಯ ವೆಚ್ಚ ನಿರ್ಧಾರವಾಗುವುದು ಹೇಗೆ?

ಉತ್ತರ: 1955ರಲ್ಲಿ ಪ್ಯಾರಿಸ್‌ನಲ್ಲಿ ಅನಾವರಣಗೊಂಡ ಸಿಟ್ರೊಯೆನ್ ಡಿಎಸ್ ಮತ್ತು ಅದರ ನಂತರದ ಸಿಎಕ್ಸ್, ಬಿಎಕ್ಸ್ ಮಾದರಿಗಳಲ್ಲಿ ಉಕ್ಕಿನ ಸ್ಪ್ರಿಂಗ್‌ಗಳ ಬದಲಿಗೆ ಲೋಹದ ಗೋಲಗಳಿದ್ದು, ಪ್ರತಿ ಗೋಲದೊಳಗಿನ ಪೊರೆಯು ಒಂದು ಬದಿಯ ನೈಟ್ರೋಜನ್ ಅನಿಲವನ್ನು ಇನ್ನೊಂದು ಬದಿಯ ತೈಲದಿಂದ ಬೇರ್ಪಡಿಸುತ್ತದೆ. ಸವಾರಿ ಗಡುಸಾದರೆ ಸಾಮಾನ್ಯವಾಗಿ ಗೋಲದ ಅನಿಲ ಕಡಿಮೆಯಾಗಿರುತ್ತದೆಯೇ ಹೊರತು ತೈಲ ಸೋರಿದೆ ಎಂದರ್ಥವಲ್ಲ. ಆದ್ದರಿಂದ ಈ ಎರಡು ದೋಷಗಳನ್ನು ಮೊದಲೇ ಬೇರ್ಪಡಿಸಿ ನೋಡಬೇಕು.

ಸೋರಿಕೆಯ ಮೂಲವನ್ನು ಹುಡುಕುವಾಗ, ತೈಲ ಅಂಟಿದ ಭಾಗಗಳನ್ನೆಲ್ಲ ಒರೆಸಿ ಒಣಗಿಸಿ, ಎಂಜಿನ್ ಚಾಲೂ ಮಾಡಿ, ಭದ್ರವಾದ ಆಧಾರದ ಮೇಲೆ ನಿಲ್ಲಿಸಿದ ಕಾರಿನಲ್ಲಿ ತೈಲ ಮೊದಲು ಎಲ್ಲಿ ಒಸರುತ್ತದೆ ಎಂಬುದನ್ನು ಗಮನಿಸಬೇಕು. ಒತ್ತಡ ನೂರು ಬಾರ್‌ಗೂ ಮೀರುವುದರಿಂದ, ಚಿಮ್ಮುವ ತೈಲ ಚರ್ಮವನ್ನು ಭೇದಿಸಬಲ್ಲದು; ಹಾಗಾಗಿ ಕೈಯಿಂದ ತಡವಿ ನೋಡುವುದು ಅಪಾಯಕಾರಿ. ನಿಧಾನವಾಗಿ ತೊಟ್ಟಿಕ್ಕಿದರೆ ತೈಲವನ್ನು ತೊಟ್ಟಿಗೆ ಮರಳಿಸುವ ರಬ್ಬರ್ ಕೊಳವೆ ಬಿರುಕುಬಿಟ್ಟಿರಬಹುದು. ಜೋರಾಗಿ ಚಿಮ್ಮಿದರೆ ತುಕ್ಕು ಹಿಡಿದ ಉಕ್ಕಿನ ಕೊಳವೆಯನ್ನು ಶಂಕಿಸಬೇಕು.

ವೆಚ್ಚವನ್ನು ನಿರ್ಧರಿಸುವುದು ಬಹುಮಟ್ಟಿಗೆ ಬಿಡಿಭಾಗದ ಬೆಲೆಯಲ್ಲ, ಕೂಲಿಯ ಗಂಟೆಗಳು. ಅಗ್ಗದ ಕೊಳವೆಯೊಂದನ್ನು ಬದಲಿಸಲು ಕಾರಿನ ತಳಭಾಗವನ್ನೇ ಬಿಚ್ಚಬೇಕಾಗಬಹುದಾದ್ದರಿಂದ, ಪತ್ತೆಯ ಶುಲ್ಕ, ಬಿಡಿಭಾಗ, ಕೂಲಿ ಮತ್ತು ತೈಲ ಇವುಗಳನ್ನು ಪ್ರತ್ಯೇಕವಾಗಿ ನಮೂದಿಸಿದ ಅಂದಾಜುಪಟ್ಟಿಯನ್ನು ಪಡೆಯುವುದೇ ಮಾಲೀಕರಿಗೆ ಕ್ಷೇಮ.