ಶಿವಗಂಗೆಯ ತೀರ್ಥಗಳಿಗೆ ಬರಿಹೊಟ್ಟೆಯ ನಡಿಗೆ ಬೇಡ

ಜೆ.ಪಿ. ನಗರದಿಂದ ಸುಮಾರು 60 ಕಿ.ಮೀ. ದೂರದ ಶಿವಗಂಗೆಗೆ ಮುಂಜಾನೆ ಹೊರಟರೆ ಸಂಜೆಗೆ ಮರಳಬಹುದು. ಗಂಗಾಧರೇಶ್ವರನ ದರ್ಶನ ಪಡೆದು, ಪಾತಾಳಗಂಗೆಯನ್ನು ಕಂಡು, ಮೆಟ್ಟಿಲೇರಿ ಒಳಕಲ್ಲು ತೀರ್ಥಕ್ಕೆ ಸಾಗುತ್ತೇವೆ. ಬಂಡೆಯ ಕುಳಿಯೊಳಗೆ ಇಳಿಸಿದ ಕೈಗೆ ನೀರು ತಾಗಿದರೆ ಪುಣ್ಯವಂತರೆಂಬುದು ಜನರ ನಂಬಿಕೆ.

ಈ ತೀರ್ಥಕ್ಕಾಗಿ ನಮ್ಮಲ್ಲಿ ಅನೇಕರು ಉಪವಾಸವಿದ್ದೇ ಬೆಟ್ಟವೇರುವುದುಂಟು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಇದು ಅಪಾಯಕರ. ಔಷಧವು ರಕ್ತದ ಸಕ್ಕರೆಯನ್ನು ಇಳಿಸುತ್ತಿರುವಾಗಲೇ, ಏರುವ ಕಾಲಿನ ಸ್ನಾಯುಗಳೂ ಅದನ್ನು ಬಳಸಿಕೊಳ್ಳುತ್ತವೆ. ಬೆವರು, ಕೈನಡುಕ, ತಲೆಸುತ್ತು ಕಂಡೊಡನೆ ಕುಳಿತು, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿದು ವೈದ್ಯರ ನೆರವು ಪಡೆಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಆದ್ದರಿಂದ ಹೊರಡುವ ಮುನ್ನ ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳೋಣ, ಲಘುವಾಗಿ ಉಪಾಹಾರ ಸೇವಿಸೋಣ. ಬೆಟ್ಟದಲ್ಲಿ ಮಂಗಗಳ ಕಾಟವುಂಟು. ಸಕ್ಕರೆಯ ಪೊಟ್ಟಣ ಕೈಚೀಲದಲ್ಲಿರದೆ ಜೇಬಿನಲ್ಲಿರಲಿ. ಕೆಲವು ವಾರ ಮೊದಲೇ ಸಾರಕ್ಕಿ ಕೆರೆಯ ಸುತ್ತ ನಿತ್ಯ ನಡೆದು ಕಾಲುಗಳನ್ನು ಪಳಗಿಸಿಕೊಳ್ಳೋಣ. ಇಳಿಯುವಾಗ ಮಂಡಿಗೆ ಹೆಚ್ಚಿನ ಭಾರ ಬೀಳುವುದರಿಂದ ಕೋಲೂರಿ ನಿಧಾನವಾಗಿ ಇಳಿಯೋಣ.