ಕರೆ ಬಂದಾಗ ದುಡಿಯುವವರಿಗೆ ಉಪವೃತ್ತಿ: ಮಾಲೀಕರು ಅರಿಯಬೇಕಾದ ಲೆಕ್ಕ

ನಾರಾಯಣಪುರ ಎಡದಂಡೆ ಕಾಲುವೆಯ ನೀರನ್ನು ಅವಲಂಬಿಸಿರುವ ಕೊಡೇಕಲ್, ಹುಣಸಗಿ, ಸುರಪುರ, ಶಹಾಪುರ ಭಾಗದಲ್ಲಿ ಭತ್ತ ಹಾಗೂ ಹತ್ತಿಯ ವಹಿವಾಟು ಹಂಗಾಮನ್ನು ಅನುಸರಿಸಿ ನಡೆಯುತ್ತದೆ. ಲಾರಿ ಬಂದ ದಿನ ಹಮಾಲರು, ಗಿರಣಿ ನಡೆಯುವ ದಿನ ಯಂತ್ರ ನಡೆಸುವವರು, ಮೋಟಾರು ಕೆಟ್ಟ ದಿನ ಮೆಕ್ಯಾನಿಕ್ ನಮಗೆ ಬೇಕು. ಉಳಿದ ದಿನಗಳಲ್ಲಿ ಅವರು ಕರೆಗಾಗಿ ಕಾಯುತ್ತಾರೆ. ಕಾಯುವ ದಿನಕ್ಕೆ ಕೂಲಿಯಿಲ್ಲ. ಬೇರೆ ಕೆಲಸ ಹಿಡಿದರೆ ಕರೆ ತಪ್ಪುತ್ತದೆ. ಈ ಇಕ್ಕಟ್ಟಿನಿಂದ ಬೇಸತ್ತ ಪಳಗಿದ ಕೈಗಳು ಬೆಂಗಳೂರು, ಪುಣೆಗಳಿಗೆ ಗುಳೆ ಹೋದರೆ ಹಂಗಾಮಿನಲ್ಲಿ ನಷ್ಟ ನಮಗೇ. ಆದುದರಿಂದ ಅವರ ಉಪವೃತ್ತಿಯು ನಮ್ಮ ವ್ಯವಹಾರದ ವಿಷಯವೂ ಹೌದು.

ಹೊಂದುವ ಉಪವೃತ್ತಿ ಯಾವುದು?

ಅರ್ಧಕ್ಕೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದಾದ, ದೊಡ್ಡ ಬಂಡವಾಳ ಬೇಡದ ಕೆಲಸವೇ ಸೂಕ್ತ. ಹೊಲಿಗೆ, ಹಳೆಯ ಗೋಣಿಚೀಲಗಳ ದುರಸ್ತಿ, ಪಂಪ್‌ಸೆಟ್ ಮೋಟಾರಿನ ವೈಂಡಿಂಗ್, ಮನೆಯವರ ನೆರವಿನಿಂದ ಮೇಕೆ ಸಾಕಣೆ ಈ ಬಗೆಯವು. ಸಾಲ ಮಾಡಿ ಟಂಟಂ ಕೊಳ್ಳುವವರು ಎಚ್ಚರ ವಹಿಸಬೇಕು. ಬಾಡಿಗೆ ಬರಲಿ, ಬಿಡಲಿ, ಮಾಸಿಕ ಕಂತು ತಪ್ಪದು.

ಮಾಲೀಕರ ಪಾತ್ರ

ಮೊದಲನೆಯದು, ಕರೆಯನ್ನು ಮುಂಚಿತವಾಗಿ ತಿಳಿಸುವುದು. ಕಾಲುವೆಗೆ ನೀರು ಬಿಡುವ ಚಾಲು-ಬಂದ್ ವೇಳಾಪಟ್ಟಿ ಪ್ರಕಟವಾದ ಕೂಡಲೇ ಬಿತ್ತನೆ, ಕಟಾವುಗಳ ಕಾಲವನ್ನು ಸುಮಾರಾಗಿ ಅಂದಾಜಿಸಬಹುದು. ಎರಡು ದಿನ ಮುಂಚೆ ಸೂಚನೆ ಸಿಕ್ಕರೂ ಕೆಲಸಗಾರನು ತನ್ನ ಉಪವೃತ್ತಿಯನ್ನು ಹೊಂದಿಸಿಕೊಳ್ಳಬಲ್ಲನು.

ಎರಡನೆಯದು, ಕಾಯುವ ಭತ್ಯೆ. ಒಂದು ಕಾಲ್ಪನಿಕ ಲೆಕ್ಕ: ನಾಲ್ವರಿಗೆ ತಿಂಗಳಲ್ಲಿ 10 ಕಾಯುವ ದಿನಗಳಿಗೆ ತಲಾ 150 ರೂ.ಗಳಂತೆ 6,000 ರೂ. ಆಗುತ್ತದೆ. ಜನರಿಲ್ಲದೆ ಗಿರಣಿ ಒಂದು ದಿನ ನಿಂತರೆ 4,000 ರೂ. ನಷ್ಟವೆಂದಿಟ್ಟುಕೊಂಡರೆ, ಎರಡು ದಿನದ ನಿಲುಗಡೆ ತಪ್ಪಿದಾಗಲೇ 2,000 ರೂ. ಉಳಿಯುತ್ತದೆ. ಸದಸ್ಯರು ತಮ್ಮ ಗಿರಣಿಯ ಅಂಕಿಗಳನ್ನಿಟ್ಟು ಇದನ್ನು ಪರಿಶೀಲಿಸಬಹುದು.

ಕಾನೂನಿನ ಅಂಶಗಳು

1. ಕೆಲಸವಿಲ್ಲದ ಅವಧಿಯಲ್ಲಿ ನೌಕರನನ್ನು ಉಳಿಸಿಕೊಳ್ಳಲು ನೀಡುವ ಭತ್ಯೆಯು ವೇತನ ಸಂಹಿತೆ, 2019ರ ಪ್ರಕಾರ ವೇತನದಲ್ಲಿಯೇ ಸೇರುತ್ತದೆ. ಭವಿಷ್ಯನಿಧಿ, ಇ.ಎಸ್.ಐ. ಅನ್ವಯವಾಗುವವರು ಇದನ್ನು ಗಮನಿಸಬೇಕು.

2. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಂತೆ, ಹಿಂದಿನ 12 ಗಂಟೆಗಳೊಳಗೆ ಬೇರೊಂದು ಕಾರ್ಖಾನೆಯಲ್ಲಿ ದುಡಿದವನನ್ನು, ನಿಯಮಗಳಲ್ಲಿ ವಿನಾಯಿತಿಯಿದ್ದ ಹೊರತು, ಕಾರ್ಖಾನೆಯಲ್ಲಿ ದುಡಿಸಿಕೊಳ್ಳುವಂತಿಲ್ಲ. ನಿದ್ದೆಗೆಟ್ಟ ಕೈಯನ್ನು ಜಿನ್ನಿಂಗ್ ಯಂತ್ರದ ಮುಂದೆ ನಿಲ್ಲಿಸುವುದು ಕಾನೂನಿರಲಿ, ಇಲ್ಲದಿರಲಿ, ಅಪಾಯವೇ.

3. ತಂಡದ ಕೂಲಿಯೆಂದು ಒಬ್ಬನೇ ಮೇಸ್ತ್ರಿಗೆ ಒಂದೇ ದಿನ 10,000 ರೂ.ಗಳಿಗಿಂತ ಹೆಚ್ಚು ನಗದು ಕೊಟ್ಟರೆ, ಸಾಮಾನ್ಯವಾಗಿ ಆ ಖರ್ಚು ಆದಾಯ ತೆರಿಗೆಯ ಲೆಕ್ಕದಲ್ಲಿ ಮಾನ್ಯವಾಗದು. ಪ್ರತಿಯೊಬ್ಬರ ಖಾತೆಗೂ ನೇರವಾಗಿ ಪಾವತಿಸಿ ಹಾಜರಿ ಪುಸ್ತಕದಲ್ಲಿ ನಮೂದಿಸುವುದು ಕ್ಷೇಮ.

ಎರಡು ಕಡೆ ದುಡಿಯುವವನಿಗೆ ಅಪಘಾತವಾದಾಗ ಹೊಣೆ ಯಾರದೆಂಬ ವಿವಾದ ಏಳುವುದುಂಟು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂ. ಕಂತಿಗೆ, 18ರಿಂದ 70 ವರ್ಷದವರಿಗೆ, ಅಪಘಾತದಿಂದ ಮರಣವಾದಲ್ಲಿ 2 ಲಕ್ಷ ರೂ. ದೊರೆಯುತ್ತದೆ. ಇದು ಮಾಲೀಕರ ಶಾಸನಬದ್ಧ ಹೊಣೆಗೆ ಬದಲಿಯಲ್ಲ. ಆದರೂ ಕುಟುಂಬಕ್ಕೆ ಆಸರೆ. ಬರುವ ಹಂಗಾಮಿಗೆ ಮುನ್ನ ತಮ್ಮಲ್ಲಿ ಕರೆಗೆ ಬರುವವರ ಹೆಸರು, ಅವರ ಉಪವೃತ್ತಿ, ಬಿಡುವಿನ ದಿನಗಳ ಪಟ್ಟಿಯೊಂದನ್ನು ಸದಸ್ಯರು ಸಿದ್ಧಪಡಿಸಿಕೊಳ್ಳುವುದು ಒಳಿತು.